ಬಾರ್ ಇಲ್ಲದ ಸೈಕಲ್

ಮೂವತ್ತೊಂದು ವರ್ಷ ಇನ್ನೊಬ್ಬರ ತಪ್ಪು ಹುಡುಕಿಯೇ ಸಂಬಳ ತಿಂದವನು ನಾನು. ಔಷಧ ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರ್ ಎಂದರೆ ಕೆಲಸವೇ ಅದು. ಮಾತ್ರೆಯ ಬಣ್ಣ ಒಂದಿಷ್ಟು ಗಾಢವಾಯಿತೋ, ಸೀಸೆಯ ಲೇಬಲ್ ಕೂದಲೆಳೆಯಷ್ಟು ಓರೆಯಾಯಿತೋ, ಇಡೀ ಬ್ಯಾಚನ್ನು ಪಕ್ಕಕ್ಕೆ ಇರಿಸಿ, 'ಇದು ಯಾಕೆ ಹೀಗಾಯಿತು, ಕಾರಣ ಬರೆದುಕೊಡಿ' ಎಂದು ಫಾರಂ ಮುಂದೆ ತಳ್ಳುತ್ತೇನೆ. ದ್ವಾರಕಾನಾಥ್ ಸಾರ್ ಬಂದರೆಂದರೆ ಪ್ಯಾಕಿಂಗ್ ಹಾಲಿನಲ್ಲಿ ರೇಡಿಯೋ ಕೂಡ ಬಾಯಿ ಮುಚ್ಚುತ್ತದೆ ಎಂದು ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಾನು ಯಾವತ್ತೂ ಬಚ್ಚಿಟ್ಟವನಲ್ಲ. ಬಚ್ಚಿಟ್ಟದ್ದು ಒಂದೇ ಒಂದು ಸಂಗತಿ. ಅದೂ ಹೆಂಡತಿಯಿಂದ, ಅದೂ ಒಂದು ಸೈಕಲ್ಲಿನ ವಿಷಯದಲ್ಲಿ.

ಇದು ಮೂರು ವರ್ಷದ ಹಿಂದಿನ ಮಾತು. ನಾವು ನೈರೋಬಿಗೆ ಬಂದು ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಮನೆ ಕಿಲೆಲೆಶ್ವಾದಲ್ಲಿ, ನಾಲ್ಕನೇ ಮಹಡಿ. ಕಂಪನಿಯ ಆಫೀಸು ಹರ್ಲಿಂಗ್‌ಹ್ಯಾಮ್‌ನಲ್ಲಿ, ಮನೆಯಿಂದ ಮೂರು ಕಿಲೋಮೀಟರು ಅಷ್ಟೇ. ನನ್ನ ಹೆಂಡತಿ ಜಯಮಾಲಾಗೆ ಆಗ ಐವತ್ತೆರಡು. ಅವಳಿಗೆ ಮೊಣಕಾಲು ನೋವು ಶುರುವಾಗಿ ಒಂದು ವರ್ಷ ಕಳೆದಿತ್ತು. ಮೊದಲು ಎಣ್ಣೆ ಹಚ್ಚಿದಳು, ಆಮೇಲೆ ಪಟ್ಟಿ ಕಟ್ಟಿದಳು. ಕೊನೆಗೆ ನೆಲದ ಮೇಲೆ ಕೂತು ದೇವರಿಗೆ ದೀಪ ಹಚ್ಚಲೂ ಆಗದೆ ಕುರ್ಚಿ ಎಳೆದುಕೊಂಡ ದಿನ ನಾನೇ ಗದರಿಸಿ ಡಾಕ್ಟರ್ ಹಂಸಾ ಅವರ ಹತ್ತಿರ ಕರೆದುಕೊಂಡು ಹೋದೆ. ದಾವಣಗೆರೆ ಕಡೆಯವರು, ಮೂವತ್ತು ವರ್ಷದಿಂದ ಇಲ್ಲೇ ಕ್ಲಿನಿಕ್ ಇಟ್ಟುಕೊಂಡವರು, ಮುಚ್ಚುಮರೆ ಮಾಡುವವರಲ್ಲ.

"ನೋಡಿ ಜಯಮಾಲಾ ಅವ್ರೇ, ಕೀಲು ಸವೀತಿದೆ. ಅದಿರ್ಲಿ, ಎಲ್ರಿಗೂ ಸವೆಯುತ್ತೆ. ನನಗೆ ಹೆದರಿಕೆ ಇರೋದು ಬಿಗಿಯಾಗ್ತಿರೋದಕ್ಕೆ" ಎಂದರು. "ಈಗ ಎಷ್ಟು ಮಡಚುತ್ತೋ ಅಷ್ಟನ್ನ ಉಳಿಸ್ಕೊಳ್ಳಿ. ಒಂದ್ಸಲ ಬಿಗಿದು ಕೂತ್ರೆ, ನಾಳೆ ಆಪರೇಷನ್ ಮಾಡಿಸಿದ್ರೂ ನೋವು ಹೋಗುತ್ತೆ, ಮಡಚೋದು ವಾಪಸ್ ಬರಲ್ಲ."

"ಏನ್ ಮಾಡ್ಬೇಕು ಹೇಳಿ ಡಾಕ್ಟ್ರೇ, ಮಾಡ್ತೀನಿ."

"ಸೈಕಲ್ ಬರುತ್ತಾ ನಿಮಗೆ?"

"ಬರುತ್ತೆ!" ಎಂದಳು ಜಯಮಾಲಾ. ಹೊರಗೆ ಕೂತಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ. ನಾನೇ ಬೆಚ್ಚಿಬಿದ್ದೆ.

ನಂಜನಗೂಡಿನಲ್ಲಿ ಅವಳ ತಂದೆಯ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವಳು. ಬಾರಿನ ಕೆಳಗಿನಿಂದ ಕಾಲು ತೂರಿಸಿ, ಅರ್ಧ ನೇತಾಡಿಕೊಂಡು, ಬೀದಿ ತುಂಬಾ ಬೆಲ್ಲು ಬಾರಿಸಿಕೊಂಡು ಹೋಗುತ್ತಿದ್ದಳಂತೆ. ಮೈಸೂರಿಗೆ ಓದಲು ಬಂದ ಮೇಲೆ ಸ್ವಂತ ಸೈಕಲ್. ಮದುವೆಯಾದ ಮೇಲೆ ಬಿಟ್ಟಳು. ಬಿಡು ಎಂದು ನಾನೇನೂ ಹೇಳಲಿಲ್ಲ, ಆದರೆ ಇಟ್ಟುಕೋ ಎಂದೂ ಹೇಳಲಿಲ್ಲ. ನೈರೋಬಿಯಲ್ಲಂತೂ ಕಾರು ಕಲಿಯಲಿಲ್ಲ. ಮಟಾಟು ವ್ಯಾನುಗಳ ನೂಕುನುಗ್ಗಲು ಬೇಡ ಎಂದು ನಾನು ತಡೆದೆ. ಹತ್ತೊಂಬತ್ತು ವರ್ಷ ಅವಳು ಎಲ್ಲಿಗೆ ಹೋಗಬೇಕಾದರೂ ನಾನು ಬರುವುದನ್ನು ಕಾಯುತ್ತಿದ್ದಳು.

"ಆದ್ರೆ ಕಾಲೆತ್ತಿ ಬಾರ್ ದಾಟಿಸೋ ಸೈಕಲ್ ಬೇಡ" ಎಂದರು ಡಾಕ್ಟರ್. "ತಗ್ಗಿನದು, ಸುಮ್ನೆ ಒಳಗೆ ಕಾಲಿಟ್ಟು ಕೂತ್ಕೊಳ್ಳೋ ಅಂಥದ್ದು ನೋಡಿ. ದಿನಾ ಅರ್ಧ ಗಂಟೆ ತುಳೀರಿ. ಒಂದು ವರ್ಷ ಆದ್ಮೇಲೆ ನನ್ನ ಮುಖಾನೂ ನೋಡ್ಬೇಡಿ."

ನಾನು ಕೇಳಿದ ಎರಡು ಅಂಗಡಿಗಳಲ್ಲೂ ಅಂಥದ್ದು ಸಿಗಲಿಲ್ಲ. ಗುಡ್ಡ ಹತ್ತುವ ಹುಡುಗರ ದಪ್ಪ ಟೈರಿನವು ಇದ್ದವು. ಇಲ್ಲವೆಂದರೆ ಬ್ಲ್ಯಾಕ್ ಮಾಂಬಾ ಎಂದು ಇಲ್ಲಿಯವರು ಕರೆಯುವ, ಹಾಲಿನ ಕ್ಯಾನು ಹೇರುವ ಕಬ್ಬಿಣದ ಗಾಡಿ. ಅದೇ ಸಮಯಕ್ಕೆ, ಹೇಳಿ ಮಾಡಿಸಿದ ಹಾಗೆ, ನಮ್ಮ ಎಂ.ಡಿ. ಸಾಹೇಬರು ಔಷಧ ಮೇಳಕ್ಕೆಂದು ಹಾಲೆಂಡಿಗೆ ಹೋಗಿಬಂದರು. ಅಲ್ಲಿ ಬ್ಯಾಂಕಿನ ಮ್ಯಾನೇಜರೂ ಮಂತ್ರಿಯೂ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುವುದನ್ನು ನೋಡಿ ಅವರಿಗೆ ತಲೆ ತಿರುಗಿತ್ತು. ಬಂದವರೇ ಒಂದು ಸ್ಕೀಮು ಮಾಡಿದರು. ಕಂಪನಿ ಅಲ್ಲಿಂದ ಸೈಕಲ್ ತರಿಸುತ್ತದೆ, ಬೇಕಾದವರು ತೆಗೆದುಕೊಳ್ಳಬಹುದು, ಸಂಬಳದಲ್ಲಿ ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳುತ್ತಾರೆ. ಒಬ್ಬರಿಗೆ ಒಂದೇ ಸೈಕಲ್. ಒಂದೇ ಒಂದು ಷರತ್ತು: ವಾರಕ್ಕೆ ಎರಡು ದಿನವಾದರೂ ಅದೇ ಸೈಕಲ್ಲಿನಲ್ಲಿ ಆಫೀಸಿಗೆ ಬರಬೇಕು.

ಚಿತ್ರಗಳಿದ್ದ ಕಾಗದವನ್ನು ಮನೆಗೆ ತಂದುಕೊಟ್ಟೆ. ಬೆನ್ನು ನೆಟ್ಟಗಿಟ್ಟು ಕೂರುವ ಸೈಕಲ್ಲುಗಳು. ಹ್ಯಾಂಡಲ್ ನಮ್ಮ ಕಡೆಗೇ ಬಾಗಿ ಬರುತ್ತದೆ, ಚೈನಿಗೆ ಪೂರ್ತಿ ಕವರ್, ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದ ಹಾಗೆ ಮರೆ, ಕೈ ತುಂಬುವಷ್ಟು ದೊಡ್ಡ ಬೆಲ್ಲು. ಎರಡು ನಮೂನೆ ಇದ್ದವು, ಬಾರ್ ಇರುವುದು ಮತ್ತು ಬಾರ್ ಇಲ್ಲದ್ದು. ಜಯಮಾಲಾ ಕನ್ನಡಕ ಹಾಕಿಕೊಂಡು ಕಾಗದವನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ಹಿಂದೆ ಮುಂದೆ ಓದಿದಳು.

"ಹಸಿರು ಇದ್ರೆ ಹಸಿರು ತಗೊಳ್ಳಿ. ಇಲ್ದಿದ್ರೆ ಕಪ್ಪಾದ್ರೂ ಪರವಾಗಿಲ್ಲ. ಬಾರ್ ಮಾತ್ರ ಬೇಡ ರೀ."

"ಆಯ್ತು ಕಣೇ."

"ಎರಡು ದಿನ ನೀವು ಆಫೀಸಿಗೆ ತಗೊಂಡ್ ಹೋಗ್ಬೇಕಲ್ಲ, ಪರವಾಗಿಲ್ವಾ?"

"ಎರಡು ದಿನ ನನ್ನದು, ಐದು ದಿನ ನಿನ್ನದು. ಆಯ್ತಾ?" ಎಂದೆ. ಮನೆಯಲ್ಲಿ, ಸೋಫಾದ ಮೇಲೆ, ಕಾಫಿ ಕುಡಿಯುತ್ತಾ ಹೇಳುವುದಕ್ಕೆ ಅದು ಬಹಳ ಸುಲಭವಾದ ಮಾತಾಗಿತ್ತು.

ಮಾರನೆಯ ದಿನದಿಂದಲೇ ಅವಳ ಸಿದ್ಧತೆ ಶುರು. ಎರಡು ಚೂಡಿದಾರದ ಕಾಲು ಗಿಡ್ಡ ಮಾಡಿ ಹೊಲಿದಳು. ಹೆಣೆದ ಬುಟ್ಟಿಗಳನ್ನು ಮಾರುವ ಹೆಂಗಸಿನ ಹತ್ತಿರ ಚೌಕಾಸಿ ಮಾಡಿ ಹ್ಯಾಂಡಲ್ಲಿಗೆ ಕಟ್ಟಲೆಂದು ಒಂದು ಬುಟ್ಟಿ ತಂದಳು. ಮೂಲೆಯಲ್ಲಿ ತರಕಾರಿ ಮಾರುವ ಮಾಮಾ ಮ್ಬೋಗಾಳಿಗೆ ಆ ಬುಟ್ಟಿ ತೋರಿಸಿ, ಇನ್ನು ಮೇಲೆ ಫೋನ್ ಮಾಡಲ್ಲ, ನಾನೇ ಬರ್ತೀನಿ ಎಂದು ಹೇಳಿಯೂ ಬಂದಳಂತೆ. ಬೆಳಿಗ್ಗೆ ಆರೂವರೆಗೆ ರಸ್ತೆ ಖಾಲಿ ಇರುತ್ತದೆ, ಒತಾಯಾ ರೋಡಿನಿಂದ ಹೊರಟು ಅರ್ಬೊರೇಟಂ ತೋಟದ ಗೇಟು ಮುಟ್ಟಿ ವಾಪಸು ಬಂದರೆ ಸರಿಯಾಗಿ ಅರ್ಧ ಗಂಟೆ ಎಂದು ಲೆಕ್ಕ ಹಾಕಿದ್ದಳು. ಸೈಕಲ್ ಆರಿಸುವ ದಿನ ಬರುವ ತನಕ, ಆ ಹದಿನೈದು ದಿನ ಅವಳು ನೋವಿನ ಮಾತೇ ಎತ್ತಲಿಲ್ಲ.

ಆಯ್ಕೆಯ ದಿನ ಸೋಮವಾರ. ನಮ್ಮ ಆಫೀಸಿನಲ್ಲಿ ಎಲ್ಲಕ್ಕೂ ಹಿರಿತನ ನೋಡುತ್ತಾರೆ. ಊಟದ ಸಾಲಿಗೂ, ಕಾರು ನಿಲ್ಲಿಸುವ ಜಾಗಕ್ಕೂ. ಸೈಕಲ್ಲಿಗೂ ಹಾಗೇ, ಮೊದಲು ಮ್ಯಾನೇಜರುಗಳು, ಆಮೇಲೆ ಮಿಕ್ಕವರು. ಮೀಟಿಂಗ್ ರೂಮಿನ ಕಾರ್ಪೆಟ್ಟಿನ ಮೇಲೆ ಎರಡೂ ನಮೂನೆಯ ಸೈಕಲ್ಲುಗಳನ್ನು ಮದುಮಕ್ಕಳ ಹಾಗೆ ನಿಲ್ಲಿಸಿದ್ದರು. ಎಂ.ಡಿ. ಪಕ್ಕದಲ್ಲೇ ನಿಂತು ನಗುತ್ತಿದ್ದರು. ಮೇಜಿನ ಮೇಲೆ ಪಟ್ಟಿ, ಹೆಸರಿನ ಎದುರು ಎರಡು ಚೌಕ, ಮೇಲಿನದು ಬಾರ್ ಇರುವುದು, ಕೆಳಗಿನದು ಇಲ್ಲದ್ದು. ಹಿರಿತನದಲ್ಲಿ ನಾನು ಎರಡನೆಯವನು.

ಪೆನ್ನು ತೆಗೆದು ಕೆಳಗಿನ ಚೌಕದ ಮೇಲೆ ಇಟ್ಟೆ. ಇಟ್ಟಿದ್ದೆ, ಸುಳ್ಳಲ್ಲ.

ಹಿಂದಿನಿಂದ ನಿಖಿಲ್ ಬಗ್ಗಿ ನೋಡಿದ. ಮಾರ್ಕೆಟಿಂಗಿನ ಹುಡುಗ, ಬೆಂಗಳೂರಿನವನು, ಇಪ್ಪತ್ತೊಂಬತ್ತು ವರ್ಷ, ಬಾಯಿಗೆ ಬೀಗ ಇಲ್ಲ.

"ಸಾರ್! ಲೇಡೀಸ್ ಸೈಕಲ್ಲಾ? ಮುಂದೆ ಬುಟ್ಟಿ, ಬುಟ್ಟಿ ತುಂಬಾ ಮಲ್ಲಿಗೆ ಹೂವು! ಸೂಪರ್ ಸಾರ್!"

ಮೂರು ಜನ ನಕ್ಕರು. ಎಂ.ಡಿ. ಸಾಹೇಬರಿಗೆ ಕನ್ನಡ ಬರುವುದಿಲ್ಲ, ಅವರೂ ಸುಮ್ಮನೆ ನಕ್ಕರು. ಆಗಿದ್ದು ಇಷ್ಟೇ. ನೀವು ನಂಬುವುದಿಲ್ಲ, ಇಷ್ಟೇ. 'ನನ್ನ ಹೆಂಡತಿಗೆ ಕಣೋ' ಎಂದು ಮೂರು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಬೇಡ, ಮಾಮೂಲಿ ಕೋಪವಾದರೂ ಬಂದಿದ್ದರೆ, 'ನಿನ್ನ ಕೆಲಸ ನೋಡ್ಕೋ' ಎಂದು ಗದರಿಸಿದ್ದರೆ ಮುಗಿಯುತ್ತಿತ್ತು. ಬೇಡದ ಕಡೆಯಲ್ಲೆಲ್ಲ ಬರುವ ಕೋಪ ಅವತ್ತು ಎಲ್ಲಿ ಹೋಗಿತ್ತೋ ಕಾಣೆ. ಬದಲಿಗೆ ನನ್ನ ಕಣ್ಣ ಮುಂದೆ ಬಂದದ್ದು ಆಫೀಸಿನ ಗೇಟು. ಪ್ಯಾಕಿಂಗ್ ಹಾಲಿನವರು, ಡ್ರೈವರುಗಳು, ಗೇಟು ಕಾಯುವ ಅಸ್ಕರಿಗಳು ಎಲ್ಲರೂ ಸಾಲಾಗಿ ನಿಂತಿದ್ದಾರೆ, ಎಲ್ಲರನ್ನೂ ಹೆದರಿಸಿಟ್ಟಿರುವ ದ್ವಾರಕಾನಾಥ್ ಸಾರ್ ಲೇಡೀಸ್ ಸೈಕಲ್ ತುಳಿದುಕೊಂಡು ಒಳಗೆ ಬರುತ್ತಿದ್ದಾರೆ. ಪೆನ್ನು ಮೇಲಿನ ಚೌಕಕ್ಕೆ ಹೋಯಿತು. ಗುರುತು ಹಾಕಿ, "ಏ, ಅದನ್ನ ಯಾರು ತಗೋತಾರೋ, ಸುಮ್ನೆ ನೋಡ್ತಿದ್ದೆ" ಎಂದು ನಾನೂ ನಕ್ಕೆ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ನಿಂತಿದ್ದಳು.

"ಹಸಿರು ಸಿಕ್ತಾ?"

"ಖಾಲಿ ಆಗೋಯ್ತು ಕಣೇ" ಎಂದೆ, ಷೂ ಬಿಚ್ಚುತ್ತಾ. "ಆ ಬಾರ್ ಇಲ್ಲದ್ದು ಕಮ್ಮಿ ಬಂದಿತ್ತಂತೆ. ನನ್ನ ಸರದಿ ಬರೋ ಹೊತ್ತಿಗೆ ಮುಗಿದಿತ್ತು."

"ನೀವು ಎರಡನೆಯವರು ಅಂದಿದ್ರಲ್ಲ?"

"ಏನೀಗ, ಸುಳ್ಳು ಹೇಳ್ತೀನಾ ನಾನು?" ಎಂದು ರೇಗಿದೆ. ಈಗ ಬಂತು ನೋಡಿ ಕೋಪ. ಅವಳು "ಹೋಗ್ಲಿ ಬಿಡಿ, ನಿಮಗಾದ್ರೂ ಸಿಕ್ತಲ್ಲ" ಎಂದು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಕಾಗದಪತ್ರವೆಲ್ಲ ಮುಗಿದು, ತಿಂಗಳ ನಂತರ ಸೈಕಲ್ ಕೈಗೆ ಬಂತು. ಕಪ್ಪು ಬಣ್ಣ, ಕುದುರೆಯಷ್ಟು ಎತ್ತರ. ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಜಯಮಾಲಾ ಅದರ ಸುತ್ತ ಒಂದು ಸುತ್ತು ಬಂದಳು. ಬೆಲ್ಲು ಬಾರಿಸಿದಳು. ಸೀಟು ಸವರಿದಳು. ಆಮೇಲೆ ನನ್ನ ಭುಜ ಹಿಡಿದು, ಸೈಕಲ್ಲನ್ನು ಓರೆ ಮಾಡಿಸಿ, ಬಲಗಾಲು ಎತ್ತಿದಳು. ಅರ್ಧ ಹೋಯಿತು. ಮುಖ ಕಿವುಚಿಕೊಂಡು ಕಾಲು ಕೆಳಗಿಟ್ಟು, ಆ ಬಾರನ್ನು ಅಂಗೈಯಿಂದ ಎರಡು ಸಲ ತಟ್ಟಿ, ನಗುತ್ತಲೇ ಕೇಳಿದಳು:

"ಈ ವಯಸ್ಸಲ್ಲಿ ಒಳಪೆಡ್ಲು ಹೊಡೀಲಾ ರೀ?"

ನಾನೂ ನಕ್ಕೆ. ಮೇಲೆ ಬಂದ ಮೇಲೆ ನೋಡಿದರೆ ಬುಟ್ಟಿ ಅಡುಗೆಮನೆಯಲ್ಲಿ ಈರುಳ್ಳಿ ತುಂಬಿಕೊಂಡು ಕೂತಿತ್ತು.

ನನ್ನ ಸವಾರಿಯ ವೈಭವವನ್ನೂ ಹೇಳಿಬಿಡುತ್ತೇನೆ. ಹಾಲೆಂಡಿನವರು ತಾಳೆಮರದ ಹಾಗಿರುತ್ತಾರೆ, ನಾನು ಐದಡಿ ನಾಲ್ಕಂಗುಲ. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಕಾಲು ನೆಲಕ್ಕೆ ಎಟಕುವುದಿಲ್ಲ, ಪಕ್ಕದ ಕಂಬವನ್ನು ತಬ್ಬಿಕೊಳ್ಳಬೇಕು. ಮೂರನೆಯ ವಾರ, ಆಫೀಸಿನ ಎದುರಿಗೇ, ಕಾಲೆತ್ತಿ ಬಾರ್ ದಾಟಿಸುವಾಗ ಪ್ಯಾಂಟಿನ ಹೊಲಿಗೆ ಹಿಂದೆ ಪರ್ರೆಂದು ಬಿಟ್ಟಿತು. ಅವತ್ತು ಇಡೀ ದಿನ ಲ್ಯಾಬಿನ ಬಿಳಿ ಕೋಟು ಹಾಕಿಕೊಂಡೇ ಓಡಾಡಿದೆ. ಯಾವ ಮರ್ಯಾದೆಗೆ ಹೆದರಿ ಆ ಸೈಕಲ್ ಆರಿಸಿದ್ದೆನೋ ಆ ಮರ್ಯಾದೆ ಹೀಗೆ ಹೋಯಿತು. ಮೂರು ತಿಂಗಳಾದ ಮೇಲೆ ಷರತ್ತನ್ನು ಕೇಳುವವರು ಯಾರೂ ಇರಲಿಲ್ಲ, ಸೈಕಲ್ ಪಾರ್ಕಿಂಗಿನಲ್ಲಿ ಧೂಳು ತಿನ್ನತೊಡಗಿತು.

ಪಾಪ ಕಾಡುತ್ತಿತ್ತಲ್ಲ, ಮನೆಗೆ ಒಂದು ವ್ಯಾಯಾಮದ ಸೈಕಲ್ ತಂದೆ. ನಿಂತಲ್ಲೇ ತುಳಿಯುವುದು. ಜಯಮಾಲಾ ಹತ್ತು ದಿನ ಗೋಡೆ ನೋಡಿಕೊಂಡು ತುಳಿದಳು. ಹನ್ನೊಂದನೆಯ ದಿನ ಅದರ ಮೇಲೆ ಒದ್ದೆ ಟವೆಲ್ಲು ಕಂಡಿತು. "ಎಲ್ಲಿಗೂ ಹೋಗ್ದಿರೋ ಸೈಕಲ್ ಇಟ್ಕೊಂಡು ಏನ್ ಮಾಡ್ಲಿ ರೀ" ಎಂದಳು. ಅದನ್ನು ತುಳಿದಿದ್ದರೂ ಕಾಲು ಉಳಿಯುತ್ತಿತ್ತಲ್ಲ, ಅವಳದೂ ತಪ್ಪಿದೆ ಎಂದು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ಒಂದು ಸಲವೂ ಸಮಾಧಾನವಾಗಿಲ್ಲ.

ಆ ವರ್ಷದ ದೀಪಾವಳಿ ಊಟಕ್ಕೆ ಕಂಪನಿಯವರು ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಒಂದು ಹಾಲ್ ಹಿಡಿದಿದ್ದರು. ನಾವಿಬ್ಬರೂ ತಟ್ಟೆ ಹಿಡಿದು ನಿಂತಿದ್ದಾಗ ಪೀಟರ್ ಬಂದರು. ಪೀಟರ್ ಸಲ್ಡಾನಾ, ಮಂಗಳೂರಿನವರು, ನಮ್ಮ ಆಫೀಸಿನ ಹಿಂದಿನ ಗೋಡೌನಿನ ಮೇಲ್ವಿಚಾರಕರು. ಆರಡಿ ಎತ್ತರ, ಹುರಿ ಮೀಸೆ. ಸೈಕಲ್ ಆರಿಸುವ ದಿನ ರಜೆಯಲ್ಲಿದ್ದವರು ಊರಿಂದ ಬಂದ ಮೇಲೆ ಬಾರ್ ಇಲ್ಲದ ಹಸಿರು ಸೈಕಲ್ ತೆಗೆದುಕೊಂಡಿದ್ದರು. ದಿನವೂ ಅದರಲ್ಲೇ ರಾಜನ ಹಾಗೆ ಕೂತು ಬರುತ್ತಿದ್ದರು. ಈ ಮನುಷ್ಯನಿಗೆ ಕೊಂಚವೂ ನಾಚಿಕೆ ಇಲ್ಲವಲ್ಲ ಎಂದು ನಾನು ಕಿಟಕಿಯಿಂದ ಮುಖ ತಿರುಗಿಸುತ್ತಿದ್ದೆ.

"ನಿಮ್ಮ ಸೈಕಲ್ ಹೇಗಿದೆ ಪೀಟರ್ ಅವ್ರೇ?" ಎಂದು ಜಯಮಾಲಾ ಸುಮ್ಮನೆ ಮಾತಿಗೆ ಕೇಳಿದಳು.

"ಫಸ್ಟ್ ಕ್ಲಾಸ್ ಅಕ್ಕಾ! ಬಾರ್ ಇಲ್ಲದ್ದಲ್ವಾ, ಹತ್ಲಿಕ್ಕೆ ಎಂತ ಕಷ್ಟವೂ ಇಲ್ಲ. ಸೋಫಾದಲ್ಲಿ ಕೂತ ಹಾಗೆ."

"ಹೌದಾ? ಅದು ಮೊದಲ ದಿನಾನೇ ಖಾಲಿ ಆಗಿತ್ತಂತಲ್ಲ?"

"ಎಂತ ಖಾಲಿ? ಯಾರು ಹೇಳಿದ್ದು ನಿಮಗೆ?" ಪೀಟರ್ ಜೋರಾಗಿ ನಕ್ಕರು. "ಇನ್ನೂ ಆರು ಉಂಟು ಗೋಡೌನಲ್ಲಿ. ಯಾರೂ ಮುಟ್ಲೇ ಇಲ್ಲ ಮಾರಾಯ್ರೆ. ಗಂಡಸರಿಗೆಲ್ಲ ಮರ್ಯಾದೆ ಅಡ್ಡ ಬರ್ತದೆ."

ಜಯಮಾಲಾ ನನ್ನನ್ನು ಒಂದು ಸಲ ನೋಡಿದಳು. ಒಂದೇ ಸಲ. ಆಮೇಲೆ ಪೀಟರ್ ಕಡೆ ತಿರುಗಿ, "ಪಾಯಸ ಹಾಕಿಸ್ಕೊಂಡ್ರಾ? ಚೆನ್ನಾಗಿದೆ" ಎಂದಳು. ನನ್ನ ಕೈಯಲ್ಲಿದ್ದ ಹೋಳಿಗೆ ಬಾಯಿಗೆ ಹೋಗಲಿಲ್ಲ.

ವಾಪಸು ಬರುವಾಗ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಕಾರು ಟ್ರಾಫಿಕ್ಕಿನಲ್ಲಿ ನಿಂತಾಗ ಅವಳೇ ಕೇಳಿದಳು.

"ಖಾಲಿ ಆಗಿತ್ತು ಅಂದ್ರಲ್ಲ."

ಆಗಲೂ ನಾನು ತಪ್ಪಾಯಿತು ಎನ್ನಬಹುದಿತ್ತು. ನನ್ನ ಬಾಯಿಯಿಂದ ಬಂದದ್ದೇ ಬೇರೆ. "ಏನೀಗ? ಮ್ಯಾನೇಜರ್ ಆದವನು ಲೇಡೀಸ್ ಸೈಕಲ್ ತುಳ್ಕೊಂಡು ಆಫೀಸಿಗೆ ಹೋಗ್ಬೇಕಿತ್ತಾ? ಎಲ್ಲರ ಮುಂದೆ ನಗೆಪಾಟಲಾಗ್ಬೇಕಿತ್ತಾ?" ಎಂದು ಸ್ಟೀರಿಂಗಿಗೆ ಗುದ್ದಿದೆ. ಹಾರ್ನ್ ಹೊಡೆದುಕೊಂಡಿತು. ಮುಂದಿನ ಮಟಾಟುವಿನವನು ಕಿಟಕಿಯಿಂದ ತಲೆ ಹೊರಹಾಕಿ ಬೈದ.

ಅವಳು ದನಿ ಏರಿಸಲಿಲ್ಲ. "ಹೌದು ರೀ, ಹೋಗ್ಬೇಕಿತ್ತು" ಎಂದಳು. "ವಾರಕ್ಕೆ ಎರಡೇ ದಿನ."

ಅದಾದ ಮೇಲೆ ಅವಳು ಸೈಕಲ್ಲಿನ ಹೆಸರೆತ್ತಲಿಲ್ಲ. ಜಗಳ ಆಡಿದ್ದರೆ ಚೆನ್ನಾಗಿತ್ತು. ಅಡುಗೆ ಎಂದಿನಂತೆ ಮಾಡಿದಳು, ಮಾತೂ ಎಂದಿನಂತೆ ಆಡಿದಳು, ಯಾವುದನ್ನೂ ಕೇಳುವುದನ್ನು ಮಾತ್ರ ಬಿಟ್ಟಳು. ಹಬ್ಬಕ್ಕೆ ಏನು ಬೇಕು ಎಂದರೆ, "ಏನೂ ಬೇಡ ರೀ, ಎಲ್ಲಾ ಇದೆ" ಎನ್ನುತ್ತಿದ್ದಳು.

ಗೋಡೌನಿನಲ್ಲಿ ಆರು ಸೈಕಲ್ ಇನ್ನೂ ಇದ್ದವು. ಇದನ್ನು ನೀವು ಮರೆಯಬೇಡಿ, ನಾನಂತೂ ಮರೆತಿಲ್ಲ. ಎರಡು ಸಲ ಹೋಗಿ ಅವುಗಳ ಮುಂದೆ ನಿಂತು ಬಂದೆ. ಬದಲಾಯಿಸಿಕೊಳ್ಳಲು ಅವಕಾಶವಿತ್ತು, ಒಂದು ಫಾರಂ ತುಂಬಬೇಕಿತ್ತು. ಅದರಲ್ಲಿ 'ಕಾರಣ' ಎಂದು ಒಂದು ಅಂಕಣ. ದಿನಕ್ಕೆ ಹತ್ತು ಜನರಿಂದ ಕಾರಣ ಬರೆಸಿಕೊಳ್ಳುವವನು ನಾನು. ಫಾರಂ ಮುಂದಿಟ್ಟುಕೊಂಡು 'ನನ್ನ ಪತ್ನಿಗೆ' ಎಂದು ಬರೆದೆ. ಇದನ್ನು ಓದುವ ಆಫೀಸಿನ ಹುಡುಗಿ ನಿಖಿಲ್‌ಗೆ ಹೇಳದೆ ಇರುತ್ತಾಳೆಯೇ ಎನ್ನಿಸಿತು. ಹರಿದು ಕಸದ ಬುಟ್ಟಿಗೆ ಹಾಕಿದೆ. ಇನ್ನೊಂದೂ ಇತ್ತು, ಹೇಳಿಬಿಡುತ್ತೇನೆ. ಅವಳು ಇನ್ನೊಂದು ಸಲ ಬಾಯಿಬಿಟ್ಟು ಕೇಳಲಿ, ಆಗ ತಂದುಕೊಡೋಣ ಎಂಬ ಹಟ. ನಾನಾಗಿಯೇ ತರಲಿ ಎಂದು ಅವಳಿಗೂ ಇತ್ತೋ ಏನೋ. ಹೀಗೆ ಡಿಸೆಂಬರ್ ಕಳೆಯಿತು. ಜನವರಿಯಲ್ಲಿ ಒಂದು ದಿನ ಗೋಡೌನಿಗೆ ಹೋದರೆ ಆ ಮೂಲೆ ಖಾಲಿ. "ಆರೂ ಕಿಸುಮು ಡಿಪೋಗೆ ಹೋಯ್ತು, ಅಲ್ಲಿಯ ಸೇಲ್ಸ್ ಹೆಂಗಸರಿಗೆ" ಎಂದರು ಪೀಟರ್. ಥೂ ನನ್ನ ಜನ್ಮಕ್ಕೆ ಎಂದುಕೊಂಡೆ. ಎಂದುಕೊಂಡು ಏನು ಬಂತು?

ಎರಡು ವರ್ಷದಲ್ಲಿ ಡಾಕ್ಟರ್ ಹಂಸಾ ಹೇಳಿದ್ದು ಅಕ್ಷರಶಃ ಆಯಿತು. ಮೊದಲು ಎಡಗಾಲು ಬಿಗಿಯಿತು, ಆಮೇಲೆ ಬಲಗಾಲು. ಮೆಟ್ಟಿಲನ್ನು ಒಂದೊಂದಾಗಿ, ಮಗುವಿನ ಹಾಗೆ ಇಳಿಯುವುದಾಯಿತು. ಕಳೆದ ವರ್ಷ ಪಾರ್ಕ್‌ಲ್ಯಾಂಡ್ಸ್‌ನ ದೊಡ್ಡ ಆಸ್ಪತ್ರೆಯಲ್ಲಿ ಎರಡೂ ಮೊಣಕಾಲಿಗೆ ಆಪರೇಷನ್ ಮಾಡಿಸಿದೆವು. ಚೆನ್ನಾಗಿಯೇ ಮಾಡಿದರು, ಅವರನ್ನು ದೂರುವಂತಿಲ್ಲ. ಇಷ್ಟು ಬಿಗಿದ ಮೇಲೆ ನೋವು ಹೋಗುತ್ತದೆ, ಮಡಚುವುದು ಮಾತ್ರ ಇಷ್ಟೇ ಎಂದು ಮೊದಲೇ ಹೇಳಿದ್ದರು. ನೋವು ಹೋಯಿತು. ಕುರ್ಚಿಯಲ್ಲಿ ಕೂರುವಷ್ಟು ಮಡಚುತ್ತದೆ, ಅದರಾಚೆಗೆ ಒಂದು ಬೆರಳಿನಷ್ಟೂ ಇಲ್ಲ.

ಹೋದ ತಿಂಗಳು ಪೀಟರ್ ರಿಟೈರ್ ಆದರು. ಊರಿಗೆ ಹೊರಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಕೆಳಗಿನಿಂದ ಫೋನ್ ಮಾಡಿದರು. "ದ್ವಾರಕಾನಾಥರೇ, ಅಕ್ಕನನ್ನು ಕರ್ಕೊಂಡು ಕೆಳಗೆ ಬನ್ನಿ ಮಾರಾಯ್ರೆ. ಒಂದು ಸಾಮಾನು ಕೊಡ್ಲಿಕ್ಕುಂಟು." ಲಿಫ್ಟಿನಿಂದ ಹೊರಗೆ ಬಂದರೆ, ಸೀಟು ತಗ್ಗಿಸಿ, ಒರೆಸಿ ಎಣ್ಣೆ ಬಿಟ್ಟ ಹಸಿರು ಸೈಕಲ್ ಹಿಡಿದುಕೊಂಡು ನಿಂತಿದ್ದರು.

"ಇದು ನಿಮಗೆ ಅಕ್ಕಾ. ದೀಪಾವಳಿ ದಿನ ಎಷ್ಟು ಆಸೆಯಲ್ಲಿ ಕೇಳಿದ್ರಿ, ನನಗೆ ನೆನಪುಂಟು. ಬೇಡ ಅನ್ಬಾರ್ದು."

ಜಯಮಾಲಾ ಕೋಲು ಊರಿಕೊಂಡು ಹತ್ತಿರ ಹೋದಳು. ಬೆಲ್ಲಿನ ಮೇಲೆ ಬೆರಳಿಟ್ಟಳು, ಬಾರಿಸಲಿಲ್ಲ. ನಾನು ಏನಾದರೂ ಹೇಳಿ ತಪ್ಪಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ತಿರುಗಿ ಹೇಳಿದಳು: "ರೀ, ಮೇಲೆ ಹೋಗಿ ಆ ಬುಟ್ಟಿ ತಗೊಂಡ್ ಬನ್ನಿ. ಈರುಳ್ಳೀನ ಕೆಳಗೆ ಸುರಿದುಬಿಡಿ."

ತಂದೆ. ಬುಟ್ಟಿಯನ್ನು ಅವಳೇ ಹ್ಯಾಂಡಲ್ಲಿಗೆ ಕಟ್ಟಿದಳು, ಈರುಳ್ಳಿ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಕೋಲನ್ನು ನನ್ನ ಕೈಗೆ ಕೊಟ್ಟಳು. ಪೀಟರ್ ಹ್ಯಾಂಡಲ್ ಹಿಡಿದರು, ನಾನು ಹಿಂದಿನ ಕ್ಯಾರಿಯರ್ ಹಿಡಿದೆ. ಅವಳು ಸುಮ್ಮನೆ ಹೊಸ್ತಿಲು ದಾಟಿದ ಹಾಗೆ ಒಳಗೆ ಕಾಲಿಟ್ಟು ಸೀಟಿನ ಮೇಲೆ ಕೂತಳು. ಎಷ್ಟು ಸುಲಭವಾಗಿ! ಅವಳ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆ ಬಂತು. ಕೆಳಗಿದ್ದ ಪೆಡಲಿನ ಮೇಲೆ ಬಲಗಾಲು ಇಟ್ಟಳು. ಎಡಗಾಲಿನ ಪೆಡಲು ಮೇಲಿತ್ತು. ಕಾಲನ್ನು ಅಲ್ಲಿಗೆ ತಂದಳು. ಮಂಡಿ ಅರ್ಧಕ್ಕೆ ನಿಂತಿತು. ಎರಡೂ ಕೈಯಿಂದ ತೊಡೆ ಹಿಡಿದು ಎತ್ತಿದಳು, ಆಗಲಿಲ್ಲ. ಪೀಟರ್ ಪೆಡಲು ಹಿಂದಕ್ಕೆ ತಿರುಗಿಸಲು ಹೋದರು, ಹಿಂದಕ್ಕೆ ತುಳಿದರೆ ಬ್ರೇಕು ಹಿಡಿಯುವ ನಮೂನೆ ಅದು, ಅಲ್ಲೇ ನಿಂತಿತು. ಸೈಕಲ್ಲನ್ನು ಒಂದಿಷ್ಟು ಮುಂದಕ್ಕೆ ತಳ್ಳಿದೆವು, ಬಲಗಡೆಯ ಪೆಡಲು ಮೇಲೆ ಬಂತು, ಬಲಗಾಲಿನಲ್ಲಿ ನೋಡಿದಳು. ಅದೂ ಅಷ್ಟೇ. ಸೀಟು ಮೇಲೇರಿಸಿದರು ಪೀಟರ್. ಏರಿಸಿದರೆ ಕೆಳಗಿನ ಕಾಲು ಎಟಕಲಿಲ್ಲ. ಗೇಟಿನ ಅಸ್ಕರಿ ನೋಡುತ್ತಿದ್ದವನು ಮುಖ ಆ ಕಡೆ ತಿರುಗಿಸಿಕೊಂಡ.

"ಸಾಕು" ಎಂದಳು ಜಯಮಾಲಾ. ಇಳಿದಳು. ಇಳಿಯುವುದೂ ಅಷ್ಟೇ ಸುಲಭವಾಗಿತ್ತು.

ಪೀಟರ್ ಅವರ ಮೀಸೆ ಅದುರುತ್ತಿತ್ತು. "ನಾನು ಮೊದಲೇ ಕೊಡ್ಬೇಕಿತ್ತು ಅಕ್ಕಾ. ನನಗೆ ತಲೆಗೇ ಹೊಳೀಲಿಲ್ಲ ನೋಡಿ. ನನ್ನದೇ ತಪ್ಪು."

ನಾನು ಕೋಲು ಹಿಡಿದುಕೊಂಡು ನಿಂತಿದ್ದೆ. ಇನ್ನೊಬ್ಬರ ತಪ್ಪನ್ನು ಕೂದಲು ಸೀಳಿ ತೋರಿಸುವವನ ಎದುರಿಗೆ, ಏನೂ ತಪ್ಪು ಮಾಡದ ಮನುಷ್ಯ ತಪ್ಪು ಒಪ್ಪಿಕೊಳ್ಳುತ್ತಿದ್ದ.

"ನಿಮ್ಮ ತಪ್ಪು ಏನೇನೂ ಇಲ್ಲ ಪೀಟರ್ ಅವ್ರೇ" ಎಂದಳು ಅವಳು. ನನ್ನ ಕಡೆ ನೋಡಲಿಲ್ಲ. "ಮೇಲೆ ಬನ್ನಿ, ದೋಸೆ ಹಿಟ್ಟಿದೆ."

ಪೀಟರ್ ಹೋದ ಮೇಲೆ ಸೈಕಲ್ಲನ್ನು ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಕೇಳಿದೆ. "ಬೇಡ" ಎಂದಳು. "ವಾರಕ್ಕೆ ಎರಡು ದಿನ ಆಫೀಸಿಗೆ ತಗೊಂಡ್ ಹೋಗಿ."

ಹೋದ ಸೋಮವಾರ ಹೊರಟೆ, ಮುಂದೆ ಬುಟ್ಟಿಯೂ ಇತ್ತು. ಸೀಟು ಮತ್ತೆ ಇಳಿಸಿಕೊಂಡಿದ್ದೆ, ಹತ್ತಲು ಕಾಲೆತ್ತಬೇಕಾಗಲಿಲ್ಲ, ಸಿಗ್ನಲ್ಲಿನಲ್ಲಿ ಎರಡೂ ಪಾದ ನೆಲಕ್ಕೆ ತಾಕಿದವು. ಹರ್ಲಿಂಗ್‌ಹ್ಯಾಮ್ ಹತ್ತಿರ ಬಂದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು, ಈ ವಯಸ್ಸಿನಲ್ಲೂ. ಗೇಟಿನಲ್ಲಿ ಅಸ್ಕರಿ "ಹಬಾರಿ, ಬಾಸ್" ಎಂದು ಕುಶಲ ಕೇಳಿ ಸರಪಳಿ ತೆಗೆದ. ಪ್ಯಾಕಿಂಗಿನ ನಾಲ್ಕು ಹುಡುಗಿಯರು ಫೋನ್ ನೋಡಿಕೊಂಡು ಪಕ್ಕದಲ್ಲೇ ಹೋದರು. ಒಬ್ಬ ಡ್ರೈವರ್ ಹಲ್ಲುಕಡ್ಡಿ ಜಗಿಯುತ್ತಾ ಆಕಾಶ ನೋಡುತ್ತಿದ್ದ. ಯಾರೂ ನಗಲಿಲ್ಲ. ಯಾರೂ ತಿರುಗಿ ಕೂಡ ನೋಡಲಿಲ್ಲ.

ಸ್ಟ್ಯಾಂಡ್ ಹಾಕುತ್ತಿದ್ದಾಗ ನಿಖಿಲ್ ಕಾರಿನಿಂದ ಇಳಿದು ಬಂದ. ಈಗ ಅವನಿಗೂ ಮದುವೆಯಾಗಿದೆ, ಒಂದು ಮಗುವಿದೆ.

"ಚೆನ್ನಾಗಿದೆ ಸಾರ್ ಸೈಕಲ್. ಬಾರ್ ಇಲ್ದಿದ್ರೆ ಎಷ್ಟು ಆರಾಮ ಅಲ್ವಾ? ನನ್ನ ಹೆಂಡ್ತಿ ಕೇಳ್ತಾನೇ ಇದ್ದಾಳೆ ಇಂಥದ್ದೊಂದು. ಅವತ್ತು ಸ್ಕೀಮಲ್ಲಿ ಯಾಕೆ ಸಾರ್ ನಾವ್ಯಾರೂ ತಗೊಳ್ಳಲಿಲ್ಲ?"

"ನೀನೇ ನಕ್ಕಿದ್ಯಲ್ಲೋ!" ಎಂದೆ. "ಲೇಡೀಸ್ ಸೈಕಲ್, ಮಲ್ಲಿಗೆ ಹೂವು ಅಂತ."

"ನಾನಾ? ಯಾವಾಗ ಸಾರ್?"

ನಟನೆಯಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಕೋಪ ಮೂಗಿನ ತುದಿಗೆ ಬಂತು, ಅಲ್ಲೇ ನಿಂತಿತು. ಅವನ ಮೇಲೆ ಹಾಕೋಣವೆಂದರೆ ಅವನದೇನಿತ್ತು? "ಏನಿಲ್ಲ, ಹೋಗು" ಎಂದೆ.

ಸಂಜೆ ವಾಪಸು ಬಂದಾಗ ಜಯಮಾಲಾ ಬಾಲ್ಕನಿಯಲ್ಲಿ ಕೂತಿದ್ದಳು. ಮೇಲಿನಿಂದ ನಾನು ಬರುವುದನ್ನು ನೋಡಿದ್ದಳು. ಕಾಫಿ ಲೋಟ ಕೈಗೆ ಕೊಟ್ಟು ಕೇಳಿದಳು:

"ಹೇಗೆ ಹೋಗುತ್ತೆ ರೀ?"

"ಏನೋ ಪರವಾಗಿಲ್ಲ ಕಣೇ" ಎಂದೆ. "ಭಾರ. ಸೀಟು ಗಟ್ಟಿ. ಏರಿನಲ್ಲಿ ಉಸಿರು ಹೋಗುತ್ತೆ. ನಿನ್ನ ಕೈಲಿ ಹೇಗೂ ಆಗ್ತಿರ್ಲಿಲ್ಲ."

ಅವಳು ನನ್ನನ್ನು ನೋಡಿದಳು. ಮೂರು ವರ್ಷದ ಹಿಂದೆ ಆ ದೀಪಾವಳಿ ಊಟದಲ್ಲಿ ನೋಡಿದ ಹಾಗೆಯೇ.

"ಈ ಸೈಕಲ್ ವಿಷಯದಲ್ಲಿ ಇನ್ನೊಂದು ಸುಳ್ಳು ಬೇಡ ರೀ. ಇದ್ದದ್ದು ಹೇಳಿ."

ಲೋಟ ಕೆಳಗಿಟ್ಟೆ. ಮೊದಲು, "ತಪ್ಪಾಯ್ತು ಜಯಾ" ಎಂದೆ, ಅಷ್ಟೂ ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು. ಅವಳು ತಲೆಯಾಡಿಸಿದಳು, ಆಯ್ತು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಆಮೇಲೆ ಇದ್ದದ್ದು ಹೇಳಿದೆ. ಸೈಕಲ್ ಭಾರವೇ ಇಲ್ಲ, ಇಳಿಜಾರಿನಲ್ಲಿ ಚೈನಿನ ಸದ್ದೂ ಕೇಳುವುದಿಲ್ಲ. ನೆಟ್ಟಗೆ ಕೂರುವುದರಿಂದ ಗೋಡೆಗಳಾಚೆಯ ತೋಟಗಳು ಕಾಣುತ್ತವೆ. ಗಾಳಿ ಕುತ್ತಿಗೆಯ ಹಿಂದೆ ತಂಪಾಗಿ ಹಾಯುತ್ತದೆ. ಮೂಲೆಯಲ್ಲಿ ಮಾಮಾ ಮ್ಬೋಗಾ ಬುಟ್ಟಿಯನ್ನು ಗುರುತಿಸಿ, ಎಲ್ಲಿ ನಿನ್ನ ಹೆಂಡತಿ ಎಂದು ಕೂಗಿದಳು. ಅದನ್ನೂ ಹೇಳಿದೆ. ಅವಳು ಎರಡೂ ಕೈ ಮೊಣಕಾಲಿನ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು ಕೇಳಿದಳು.

"ಗುರುವಾರ ನಾನು ಲೆಕ್ಕ ಹಾಕಿದ್ದ ದಾರೀಲಿ, ಅರ್ಬೊರೇಟಂ ಗೇಟಿನ ಕಡೆಯಿಂದ ಬನ್ನಿ" ಎಂದಳು ಕೊನೆಗೆ. "ಬಂದು ಹೇಳಿ."

ಆಯ್ತು ಎಂದೆ.